ಕುಂಡದ ಗಿಡ ಬೆಳೆಯದೆ ನಿಂತಿದೆಯೇ? ದೊಡ್ಡ ಕುಂಡ ತರುವ ಮೊದಲು ಬೇರು ನೋಡಿ

ಬೆಳಿಗ್ಗೆ ಏಳಕ್ಕೆ ಕುಂಡದ ತಳದಿಂದ ಸೋರುವಷ್ಟು ನೀರು ಹಾಕಿರುತ್ತೀರಿ. ಮಧ್ಯಾಹ್ನ ತಾರಸಿಗೆ ಹೋಗಿ ನೋಡಿದರೆ ಬದನೆ ಗಿಡ ಕಿತ್ತಿಟ್ಟ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಕೆಳಗಿನ ಎಲೆಗಳು ಹಳದಿ. ಹೊಸ ಚಿಗುರು ಬಂದು ತಿಂಗಳಾಗಿದೆ, ಬಂದ ಎಲೆಯೂ ಹಿಂದಿನ ಎಲೆಯ ಅರ್ಧದಷ್ಟಿಲ್ಲ. ಗೊಬ್ಬರ ಹಾಕಿಯಾಯಿತು, ಬೇವಿನೆಣ್ಣೆ ಸಿಂಪಡಿಸಿಯಾಯಿತು. ಯಾರನ್ನು ಕೇಳಿದರೂ ಒಂದೇ ಉತ್ತರ: ‘ಕುಂಡ ಚಿಕ್ಕದಾಯಿತು, ದೊಡ್ಡದಕ್ಕೆ ಹಾಕಿ.’

ಆ ಉತ್ತರ ಸರಿಯಿದ್ದರೆ ಗಿಡ ಹದಿನೈದು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ತಪ್ಪಿದರೆ ಸಾಯುತ್ತದೆ. ಹೀಗೆ ಒಂದು ನಿಂಬೆ ಗಿಡವನ್ನು ಕಳೆದುಕೊಂಡ ಮೇಲೆ ನಾನು ಈ ವಿಷಯವನ್ನು ಶ್ರದ್ಧೆಯಿಂದ ಕಲಿತೆ. ಎಂಟು ಇಂಚಿನ ಕುಂಡದಲ್ಲಿ ಸೊರಗಿ ನಿಂತಿದ್ದ ಆ ನಿಂಬೆಯನ್ನು, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿಗೆ, ಜುಲೈ ತಿಂಗಳ ಜಡಿಮಳೆಯಲ್ಲಿ ಹಾಕಿದೆ. ಆಗಸ್ಟ್ ಮುಗಿಯುವುದರೊಳಗೆ ಎಲೆಯೆಲ್ಲ ಉದುರಿತು. ಕಿತ್ತು ನೋಡಿದಾಗ ಬೇರು ತನ್ನ ಹಳೆಯ ಮಣ್ಣಿನಿಂದ ಒಂದು ಬೆರಳಿನಷ್ಟೂ ಆಚೆ ಹೋಗಿರಲಿಲ್ಲ. ಸುತ್ತಲಿನ ಹೊಸ ಮಣ್ಣು ಚರಂಡಿಯ ವಾಸನೆ ಹೊಡೆಯುತ್ತಿತ್ತು. ಆ ಗಿಡಕ್ಕೆ ಬೇಕಾಗಿದ್ದದ್ದು ಜಾಗವಲ್ಲ ಎಂದು ಮೊದಲೇ ತಿಳಿಯಬಹುದಾಗಿತ್ತು. ಐದು ನಿಮಿಷ ಬಿಡುವು ಮಾಡಿಕೊಂಡು ಬೇರನ್ನು ನೋಡಿದ್ದರೆ ಸಾಕಾಗಿತ್ತು.

ಎಲೆ ತನಗೆ ಕಷ್ಟವಾಗಿದೆ ಎಂದಷ್ಟೇ ಹೇಳುತ್ತದೆ. ಬಾಯಾರಿದ ಗಿಡವೂ ಬಾಡುತ್ತದೆ, ಬೇರು ಕೊಳೆತ ಗಿಡವೂ ಬಾಡುತ್ತದೆ. ಹಸಿದ ಗಿಡವೂ ಹಳದಿಯಾಗುತ್ತದೆ, ನೀರು ಹೆಚ್ಚಾದ ಗಿಡವೂ ಹಳದಿಯಾಗುತ್ತದೆ. ಕಾರಣ ಬೇರಿನಲ್ಲಿರುತ್ತದೆ. ಆದ್ದರಿಂದ ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೆಂಗಳೂರಿನ ನನ್ನ ತಾರಸಿಯಲ್ಲಿ ಬೆಳೆಯುವ ಟೊಮೆಟೊ, ಮೆಣಸಿನಕಾಯಿ, ಬದನೆ, ಮಲ್ಲಿಗೆ, ಕರಿಬೇವು, ದಾಸವಾಳ, ನಿಂಬೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬಯಲಿನಲ್ಲಿ, ಬಿಸಿಲಿನಲ್ಲಿ ಕುಂಡದೊಳಗೆ ಬೆಳೆಯುವ ಹೆಚ್ಚಿನ ಗಿಡಗಳಿಗೆ ಇದು ಹೊಂದುತ್ತದೆ.

ಕುಂಡದಲ್ಲಿರುವಾಗಲೇ ನೋಡಬೇಕಾದವು

ಮೊದಲು ಗಿಡ ಬಾಡುವ ಹೊತ್ತನ್ನು ಗಮನಿಸಿ. ಮಧ್ಯಾಹ್ನ ಬಾಡಿ ಸಂಜೆ ಐದರ ಹೊತ್ತಿಗೆ ತಾನಾಗಿ ನೆಟ್ಟಗಾಗುವ ಗಿಡಕ್ಕೆ ಬಹುಪಾಲು ರೋಗವಿಲ್ಲ. ಎಲೆಯಿಂದ ಆವಿಯಾಗುವಷ್ಟು ವೇಗವಾಗಿ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದ ಹೊತ್ತು ಅದು. ಏಪ್ರಿಲ್‌ನಲ್ಲಿ ಸೋರೆ, ಕುಂಬಳದ ಬಳ್ಳಿಗಳು ದಿನವೂ ಹೀಗೆ ಮಾಡುತ್ತವೆ. ಆದರೆ ಸೂರ್ಯ ಹುಟ್ಟುವ ಹೊತ್ತಿಗೇ ಬಾಡಿರುವ ಗಿಡ ನಿಜವಾದ ತೊಂದರೆಯಲ್ಲಿದೆ. ಬೆಳಗಿನ ಕಾಫಿಗೆ ಮೊದಲೇ ಒಮ್ಮೆ ಮೇಲೆ ಹೋಗಿ ಬರುವುದು ನಾನು ತಿಳಿದ ಮಟ್ಟಿಗೆ ಅತ್ಯುತ್ತಮ ಪರೀಕ್ಷೆ.

ಎರಡನೆಯದು ತೂಕ. ಬಾಡಿದ ಗಿಡದ ಕುಂಡವನ್ನು ಒಂದು ಕಡೆಯಿಂದ ಎತ್ತಿ ನೋಡಿ. ಹಗುರವಾಗಿದ್ದರೆ ಬಾಯಾರಿಕೆ. ಕುಂಡ ಭಾರವಾಗಿದ್ದೂ ಗಿಡ ಬಾಡಿದ್ದರೆ, ನೀರು ಇದೆ, ಕುಡಿಯಲು ಬೇರಿಲ್ಲ ಎಂದು ಅರ್ಥ. ಈ ಎರಡನೆಯ ಸ್ಥಿತಿಯಲ್ಲಿ ಇನ್ನೊಂದು ಚೊಂಬು ನೀರು ಹಾಕುವುದೇ ನಾವೆಲ್ಲ ಮಾಡುವ ತಪ್ಪು. ಕೈಗೆ ಅಂದಾಜು ಸಿಗಬೇಕಾದರೆ ನೀರು ಹಾಕಿದ ಕೂಡಲೇ ಒಮ್ಮೆ, ಮರುದಿನ ಒಮ್ಮೆ ಎತ್ತುವ ಅಭ್ಯಾಸ ಮಾಡಿ. ವಾರದೊಳಗೆ ಕೈಯೇ ತಕ್ಕಡಿಯಾಗುತ್ತದೆ.

ಮೂರನೆಯದು ನೀರಿನ ದಾರಿ. ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿದು ಪಕ್ಕದಲ್ಲಿ ಕುಳಿತು ನೋಡಿ. ಸುರಿದ ಕ್ಷಣವೇ ತಳದಿಂದ ಹೊರಬಂದರೆ ಎರಡು ಕಾರಣಗಳಿರಬಹುದು. ಒಂದು, ಕುಂಡದ ತುಂಬ ಬೇರೇ ಇದ್ದು ನೀರು ಹಿಡಿಯಲು ಮಣ್ಣು ಉಳಿದಿಲ್ಲ. ಎರಡು, ಮಣ್ಣು ಅತಿಯಾಗಿ ಒಣಗಿ ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟಿದೆ; ನೀರು ಆ ಸಂದಿನಲ್ಲಿ ಇಳಿದು ಹೋಗುತ್ತಿದೆ, ಒಳಗಿನ ಮುದ್ದೆ ಒದ್ದೆಯೇ ಆಗಿಲ್ಲ. ತೆಂಗಿನ ನಾರಿನ ಪುಡಿ ಹೆಚ್ಚು ಹಾಕಿದ ಕುಂಡಗಳು ಬೇಸಿಗೆಯಲ್ಲಿ ಒಂದು ದಿನ ಪೂರ್ತಿ ಒಣಗಿದರೂ ಹೀಗಾಗುತ್ತವೆ. ಪ್ರತ್ಯೇಕಿಸುವುದು ಸುಲಭ: ಕುಂಡವನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ, ಅಂಚಿನ ತನಕ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ ನೀರು ಬಸಿಯಲು ಬಿಡಿ. ಆಮೇಲೆ ಎರಡು ದಿನ ಗಿಡ ಚೆನ್ನಾಗಿದ್ದರೆ ಕುಂಡದ ತಪ್ಪಿಲ್ಲ, ನೀರು ಹಾಕುವ ಬಗೆಯ ತಪ್ಪು. ಮುಳುಗಿಸಿ ತೆಗೆದ ಮರುದಿನವೇ ಮತ್ತೆ ಬಾಡಿದರೆ ಬೇರು ತುಂಬಿರುವ ಸಾಧ್ಯತೆ ಹೆಚ್ಚು.

ಇನ್ನು ಹಳದಿ ಬಣ್ಣ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆ. ಗೊಬ್ಬರವಿಲ್ಲದೆಯೂ ಹೀಗಾಗುತ್ತದೆ, ಬೇರು ತುಂಬಿ ಗೊಬ್ಬರ ಹಿಡಿಯುವ ಮಣ್ಣು ಇಲ್ಲದಾಗಿಯೂ ಆಗುತ್ತದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ, ಮುಖ್ಯವಾಗಿ ನಿಂಬೆ, ದಾಸವಾಳ, ಗುಲಾಬಿಗಳಲ್ಲಿ ಇದನ್ನು ಧಾರಾಳವಾಗಿ ಕಾಣಬಹುದು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದಂಶ ಏರಿದಾಗ ಬೇರು ಅದನ್ನು ಹೀರಲಾರದು. ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅನುಮಾನ ಬೇಡ. ಈ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿ ಅದೇ ನೀರನ್ನು ಹಾಕಿದರೆ ಆರು ತಿಂಗಳಲ್ಲಿ ಅದೇ ಹಳದಿ ಮತ್ತೆ ಬರುತ್ತದೆ. ಮಳೆನೀರು ಹಿಡಿದಿಟ್ಟು ಹಾಕುವುದು, ಮೇಲಿನ ಎರಡು ಇಂಚು ಮಣ್ಣು ಕೆರೆದು ಕಾಂಪೋಸ್ಟ್ ತುಂಬುವುದು ಇದಕ್ಕೆ ದಾರಿ.

ತಳದ ತೂತಿನಿಂದ ಬೇರು ಇಣುಕಿದರೆ ಕುಂಡ ತುಂಬಿತು ಎಂದು ಹಲವರು ತೀರ್ಮಾನಿಸುತ್ತಾರೆ. ಅದೊಂದನ್ನೇ ನಂಬಬೇಡಿ. ಕರಿಬೇವಿನಂಥ ಗಿಡ ನೀರು ಹುಡುಕಿಕೊಂಡು ಒಂದೇ ಒಂದು ಬೇರನ್ನು ತೂತಿನಾಚೆ ಕಳುಹಿಸಿ, ಒಳಗೆ ಅರ್ಧ ಕುಂಡ ಖಾಲಿ ಇಟ್ಟುಕೊಂಡಿರಬಹುದು. ಆದರೆ ಆ ಬೇರು ತೂತನ್ನು ಬಿರಡೆಯಂತೆ ಮುಚ್ಚಿಬಿಟ್ಟು ನೀರು ನಿಲ್ಲುತ್ತಿದ್ದರೆ ಅದನ್ನು ಕತ್ತರಿಸಲೇಬೇಕು.

ಹೊರತೆಗೆಯುವುದು

ಹಿಂದಿನ ಸಂಜೆ ನೀರು ಹಾಕಿಡಿ. ಪೂರ್ತಿ ಒಣಗಿದ ಮಣ್ಣು ಹೊರತೆಗೆಯುವಾಗ ಪುಡಿಯಾಗಿ ಉದುರುತ್ತದೆ, ಆಗಷ್ಟೇ ನೀರು ಕುಡಿದ ಮಣ್ಣು ತನ್ನ ಭಾರಕ್ಕೇ ಕುಸಿದು ಬೇರನ್ನು ಹರಿಯುತ್ತದೆ. ಹದವಾದ ತೇವ ಬೇಕು. ಬಿಸಿಲಿಳಿದ ಮೇಲೆ, ನೆರಳಿನಲ್ಲಿ ಕೆಲಸ ಮಾಡಿ. ಎಳೆಯ ಬೇರು ಗಾಳಿಗೆ, ಬಿಸಿಲಿಗೆ ಕೆಲವೇ ನಿಮಿಷದಲ್ಲಿ ಒಣಗುತ್ತದೆ.

ಎಂಟು ಇಂಚಿನವರೆಗಿನ ಕುಂಡವಾದರೆ ಕಾಂಡವನ್ನು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಬರುವಂತೆ ಹಿಡಿದು ಅಂಗೈಯನ್ನು ಮಣ್ಣಿನ ಮೇಲೆ ಒತ್ತಿ. ಕುಂಡವನ್ನು ತಲೆಕೆಳಗು ಮಾಡಿ, ಅದರ ಅಂಚನ್ನು ಪ್ಯಾರಪೆಟ್ ಗೋಡೆಯ ಮೂಲೆಗೆ ಎರಡು ಸಲ ಮೆಲ್ಲಗೆ ತಟ್ಟಿ. ಇಡ್ಲಿ ತಟ್ಟೆಯಿಂದ ಬಿಟ್ಟುಕೊಳ್ಳುವಂತೆ ಮಣ್ಣಿನ ಮುದ್ದೆ ಕೈಗೆ ಬರುತ್ತದೆ. ಕಾಂಡ ಹಿಡಿದು ಎಳೆಯಬೇಡಿ. ದೊಡ್ಡ ಕುಂಡವನ್ನು ಮಗ್ಗುಲಾಗಿ ಮಲಗಿಸಿ, ಸುತ್ತ ಉದ್ದನೆಯ ಚಾಕುವನ್ನು ಗೋಡೆಗಂಟಿಸಿ ಒಂದು ಸುತ್ತು ತಂದು, ಉರುಳಿಸುತ್ತ ಬಿಡಿಸಿ. ಬಾಯಿ ಕಿರಿದಾಗಿ ಹೊಟ್ಟೆ ಉಬ್ಬಿದ ಮಣ್ಣಿನ ಕುಂಡವಾದರೆ ಕುಂಡವನ್ನೇ ಒಡೆಯಬೇಕು. ಬಹುಕಾಲ ಬಾಳುವ ಗಿಡವನ್ನು ಅಂಥ ಕುಂಡದಲ್ಲಿ ನೆಡಬಾರದೆಂದು ನಾನು ಹೇಳುವುದು ಇದಕ್ಕೇ.

ಬೇರು ಏನು ತೋರಿಸುತ್ತದೆ

ಹೊರಬಂದ ಕೂಡಲೇ ಮಣ್ಣು ಪುಡಿಪುಡಿಯಾಗಿ ಉದುರಿ, ನಡುವೆ ನಾಲ್ಕೆಳೆ ಬೇರು ಮಾತ್ರ ಕಂಡರೆ ಕುಂಡ ಚಿಕ್ಕದಲ್ಲ, ಗಿಡಕ್ಕೆ ಈಗಿರುವ ಜಾಗವೇ ಹೆಚ್ಚು. ಅದನ್ನು ಅದೇ ಕುಂಡಕ್ಕೆ ಹಿಂತಿರುಗಿಸಿ, ಬಿಸಿಲು ಸಾಕಷ್ಟಿದೆಯೇ, ನೀರು ಹೆಚ್ಚಾಗಿದೆಯೇ ನೋಡಿ.

ಮುದ್ದೆ ಒಡೆಯದೆ ನಿಂತು, ಅದರ ಮೈಮೇಲೆ ಬಿಳಿ ಬೇರುಗಳು ಜಾಲದಂತೆ ಹರಡಿ, ಆದರೆ ಮಣ್ಣಿನ ಬಣ್ಣ ಇನ್ನೂ ಕಾಣುತ್ತಿದ್ದರೆ, ದೊಡ್ಡ ಕುಂಡಕ್ಕೆ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬೇರಿನ ತುದಿ ಬೆಳ್ಳಗೆ, ಗಟ್ಟಿಯಾಗಿ, ಮುರಿದರೆ ಎಳೆ ಮೂಲಂಗಿಯಂತೆ ಚಟ್ಟೆನ್ನುವ ಹಾಗಿರುತ್ತದೆ. ಈ ಗಿಡಕ್ಕೆ ಬೇರು ಕತ್ತರಿಸುವುದು ಬೇಡ, ಬಿಡಿಸುವುದೂ ಬೇಡ. ಹಾಗೆಯೇ ಎತ್ತಿ ಇಟ್ಟರೆ ತಾನು ಜಾಗ ಬದಲಿಸಿದ್ದು ಗಿಡಕ್ಕೇ ತಿಳಿಯದು. ಬೇರಿನ ಬಣ್ಣ ನೋಡುವಾಗ ಒಂದು ಎಚ್ಚರ: ಎಲ್ಲ ಗಿಡದ ಬೇರೂ ಬೆಳ್ಳಗಿರುವುದಿಲ್ಲ. ನಿಂಬೆಯದು ಆರೋಗ್ಯವಾಗಿದ್ದರೂ ಹಳದಿ ಬೆರೆತ ಕಂದಾಗಿರಬಹುದು. ಬಲಿತ ಬೇರು ಹೆಚ್ಚಿನ ಗಿಡಗಳಲ್ಲಿ ಕಂದಾಗುತ್ತದೆ. ತುದಿಯನ್ನು ನೋಡಬೇಕು, ಮುಟ್ಟಿ ಗಟ್ಟಿತನ ನೋಡಬೇಕು.

ಮಣ್ಣು ಕಾಣದಷ್ಟು ಬೇರು ಸುತ್ತಿ, ತಳದಲ್ಲಿ ಸಿಂಬೆಯಂತೆ ಮಡಚಿಕೊಂಡಿದ್ದರೆ ತಡವಾಗಿದೆ, ಆದರೆ ಕೈಮೀರಿಲ್ಲ. ಇದನ್ನು ಹಾಗೆಯೇ ದೊಡ್ಡ ಕುಂಡಕ್ಕೆ ಇಡುವುದು ದೊಡ್ಡ ತಪ್ಪು. ವೃತ್ತದಲ್ಲಿ ಸುತ್ತುವುದನ್ನು ಕಲಿತ ಬೇರು ಹೊಸ ಮಣ್ಣು ಸಿಕ್ಕರೂ ಸುತ್ತುತ್ತಲೇ ಇರುತ್ತದೆ. ಮರವಾಗಿ ಬೆಳೆಯುವ ಗಿಡಗಳಲ್ಲಿ ಆ ಬೇರು ದಪ್ಪವಾಗುತ್ತ ಕಾಂಡದ ಬುಡವನ್ನೇ ಬಿಗಿಯುತ್ತದೆ. ಚೂಪಾದ ಚಾಕುವಿನಿಂದ ಮುದ್ದೆಯ ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಅರ್ಧ ಇಂಚು ಆಳದ ಗೀಟು ಹಾಕಿ. ತಳದ ಸಿಂಬೆಯನ್ನು ಅಡ್ಡಲಾಗಿ ಕೊಯ್ದು ತೆಗೆಯಿರಿ. ಮೊದಲ ಸಲ ಮಾಡುವಾಗ ಕೈ ನಡುಗುತ್ತದೆ, ನನಗೂ ನಡುಗಿತ್ತು. ಕತ್ತರಿಸಿದ ಜಾಗದಿಂದಲೇ ಹೊಸ ಬೇರು ಕವಲೊಡೆಯುತ್ತದೆ. ಬೇರು ಕಡಿಮೆಯಾದಷ್ಟು ಮೇಲಿನ ಕೊಂಬೆಯನ್ನೂ ಸ್ವಲ್ಪ ಸವರಿದರೆ ಗಿಡಕ್ಕೆ ಹೊರೆ ಇಳಿಯುತ್ತದೆ.

ಬೇರು ಕಂದಾಗಿ ಲೋಳೆಯಾಗಿದ್ದು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಅದು ಬೇರು ಕೊಳೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲದೆ, ಪಿಥಿಯಂ, ಫೈಟಾಫ್ತೊರಾದಂಥ ಜೀವಿಗಳು ಹೊಕ್ಕು ಹೀಗಾಗುತ್ತದೆ. ಈ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಮರಣಶಾಸನ ಬರೆದಂತೆ. ಇದಕ್ಕೆ ಬೇಕಾದದ್ದು ಚಿಕ್ಕ ಕುಂಡ. ಕೊಳೆತದ್ದನ್ನೆಲ್ಲ ಗಟ್ಟಿ ಬೇರು ಸಿಗುವ ತನಕ ಕತ್ತರಿಸಿ, ಹಳೆಯ ಮಣ್ಣನ್ನು ಚೆಲ್ಲಿ, ಉಳಿದ ಬೇರು ಹಿಡಿಯುವಷ್ಟೇ ಅಳತೆಯ ಕುಂಡದಲ್ಲಿ ನೀರು ಬೇಗ ಬಸಿಯುವ ಮಿಶ್ರಣಕ್ಕೆ ನೆಟ್ಟು, ಮೂರನೇ ಒಂದು ಭಾಗ ಕೊಂಬೆ ಸವರಿ ನೆರಳಿಗಿಡಿ. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರ ಮುಂದೆ ಕೊಳೆ ಬಾರದಂತೆ ತಡೆಯಲು ಸಹಾಯಕ. ಕೊಳೆತ ಬೇರನ್ನು ಅದು ಬದುಕಿಸುವುದಿಲ್ಲ.

ಟೊಮೆಟೊ, ಬದನೆ, ಬೆಂಡೆಗಳ ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಹುಳು ಕಣ್ಣಿಗೆ ಕಾಣದು, ಗಂಟು ಕಾಣುತ್ತದೆ. ಅವರೆ, ಅಲಸಂದೆಯ ಬೇರಿನಲ್ಲಿ ಕಾಣುವ ಗಂಟನ್ನು ಇದೆಂದು ಹೆದರಬೇಡಿ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಕಳಚುತ್ತವೆ, ಒಡೆದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಉಪಕಾರಿಗಳು ಅವು. ಜಂತುಹುಳುವಿನ ಗಂಟಾದರೋ ಬೇರೇ ಊದಿಕೊಂಡದ್ದು, ಕಳಚುವುದಿಲ್ಲ. ಅಂಥ ವಾರ್ಷಿಕ ಗಿಡವನ್ನು ಬೇರು ಸಹಿತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಆ ಮಣ್ಣನ್ನು ಏಪ್ರಿಲ್-ಮೇ ಬಿಸಿಲಿನಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ನಾಲ್ಕರಿಂದ ಆರು ವಾರ ಬೇಯಲು ಬಿಡಿ. ಆಮೇಲೂ ಮೊದಲ ಬೆಳೆಗೆ ಚೆಂಡುಹೂವನ್ನು ಹಾಕುವುದು ನನ್ನ ರೂಢಿ.

ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಅಕ್ಕಿಹಿಟ್ಟು ಉದುರಿಸಿದಂತಿದ್ದು, ಇರುವೆಗಳು ಓಡಾಡುತ್ತಿದ್ದರೆ ಬೇರಿನ ಹಿಟ್ಟುತಿಗಣೆ. ಮಣ್ಣನ್ನೆಲ್ಲ ನೀರಿನಲ್ಲಿ ತೊಳೆದು, ಕುಂಡವನ್ನು ಸೋಪಿನ ಬಿಸಿನೀರಿನಲ್ಲಿ ಉಜ್ಜಿ, ಹೊಸ ಮಣ್ಣಿಗೆ ನೆಡಿ. ಮೊದಲು ಇರುವೆಯ ದಾರಿ ಕಡಿಯದಿದ್ದರೆ ಅವೇ ತಿಗಣೆಯನ್ನು ಮತ್ತೆ ಹೊತ್ತು ತರುತ್ತವೆ. ಸಿ ಅಕ್ಷರದಂತೆ ಮುದುಡಿದ ಬಿಳಿಯ ಗೊಣ್ಣೆಹುಳು ಸಿಕ್ಕರೆ ಅದು ಹಸಿ ಸಗಣಿಗೊಬ್ಬರದ ಜೊತೆ ಬಂದದ್ದು. ನೆಲದ ಮೇಲೆ ಬಿಟ್ಟಾಗ ಅಂಗಾತ ಮಲಗಿ ಬೆನ್ನ ಮೇಲೆ ತೆವಳುವ ಹುಳು ಕೊಳೆತ ಗೊಬ್ಬರವನ್ನು ತಿನ್ನುವಂಥದ್ದು, ಅದನ್ನು ಕಾಂಪೋಸ್ಟ್ ಡಬ್ಬಿಗೆ ಬಿಡಬಹುದು. ಕಾಲೂರಿ ಹೊಟ್ಟೆಯ ಮೇಲೆ ತೆವಳಲು ನೋಡುವುದು ಬೇರು ತಿನ್ನುವ ಜಾತಿಯದಾಗಿರಬಹುದು, ಅದನ್ನು ಆರಿಸಿ ತೆಗೆಯಿರಿ.

ನರ್ಸರಿಯ ಕಪ್ಪು ಕವರಿನ ದೋಷ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರಿನಲ್ಲಿ ಗಿಡ ನಿಂತುಹೋಗಲು ಇದಕ್ಕಿಂತ ಸಾಮಾನ್ಯ ಕಾರಣವನ್ನು ನಾನು ಕಂಡಿಲ್ಲ.

ಒಂದು ಕರಿಬೇವಿನ ಗಿಡ ತಂದಿದ್ದೆ. ‘ಮೇಡಂ, ಮಣ್ಣು ಅಲುಗಿಸಬೇಡಿ, ಕವರ್ ಹರಿದು ಹಾಗೇ ಇಟ್ಟುಬಿಡಿ’ ಎಂದು ಮಾರಿದವರು ಹೇಳಿದ್ದರು. ಹಾಗೆಯೇ ಮಾಡಿ ಹನ್ನೆರಡು ಇಂಚಿನ ಕುಂಡಕ್ಕೆ ನೆಟ್ಟೆ. ಎರಡು ವರ್ಷ ಅದು ಮೊಣಕಾಲೆತ್ತರ ದಾಟಲಿಲ್ಲ. ಮಜ್ಜಿಗೆ ಹಾಕಿದೆ, ಅಕ್ಕಿ ತೊಳೆದ ನೀರು ಹಾಕಿದೆ. ಪಕ್ಕದ ಮನೆಯ ಅಜ್ಜಿ ದಿನವೂ ಗೋಡೆಯಾಚೆಯಿಂದ ಕೇಳುತ್ತಿದ್ದರು: ‘ಏನಮ್ಮ, ಇನ್ನೂ ಒಗ್ಗರಣೆಗೆ ಅಂಗಡಿಯದೇ ಸೊಪ್ಪಾ? ಅದಕ್ಕೆ ದೊಡ್ಡ ಡ್ರಮ್ ತಂದು ಹಾಕು.’ ನಿಂಬೆಯ ನೆನಪಿದ್ದುದರಿಂದ ಡ್ರಮ್ ತರುವ ಮೊದಲು ಕಿತ್ತು ನೋಡಿದೆ.

ಮೇಲಿನ ಸಡಿಲ ಮಿಶ್ರಣ ತಾನಾಗಿ ಉದುರಿತು. ನಡುವೆ ಕೈಯಲ್ಲಿ ಉಳಿದದ್ದು ನಾನು ಎರಡು ವರ್ಷದ ಹಿಂದೆ ನೆಟ್ಟ ಅದೇ ಮಣ್ಣಿನ ಮುದ್ದೆ. ಕಪ್ಪು ಕವರಿನ ಮಡಿಕೆಯ ಗೆರೆಗಳು ಕೂಡ ಅದರ ಮೈಮೇಲೆ ಅಚ್ಚೊತ್ತಿದಂತೆ ಉಳಿದಿದ್ದವು. ಸುತ್ತಲಿನ ಮಿಶ್ರಣ ಒದ್ದೆಯಾಗಿದ್ದರೂ ಈ ಮುದ್ದೆ ಒಣಗಿದ ಇಟ್ಟಿಗೆಯಂತಿತ್ತು, ಸ್ಕ್ರೂಡ್ರೈವರ್ ಇಳಿಯಲಿಲ್ಲ. ಗಟ್ಟಿಯಾದ ಕೆಂಪು ಜೇಡಿಯ ಸುತ್ತ ಸಡಿಲವಾದ ನಾರಿನ ಪುಡಿಯಿದ್ದರೆ ನೀರು ಸುಲಭದ ದಾರಿ ಹಿಡಿದು ಸುತ್ತಲಿನಿಂದ ಇಳಿದು ಹೋಗುತ್ತದೆ. ಒಮ್ಮೆ ಒಣಗಿದ ಜೇಡಿ ಮತ್ತೆ ಸುಲಭದಲ್ಲಿ ನೆನೆಯುವುದಿಲ್ಲ. ದಿನವೂ ನೀರು ಹಾಕುವ ಕುಂಡದ ನಡುವೆ ಗಿಡ ಬಾಯಾರಿ ನಿಂತಿತ್ತು. ಒಳಗೆ ತಾಯಿಬೇರು ಕವರಿನ ತಳ ಮುಟ್ಟಿದ ಕಡೆ ಕೊಕ್ಕೆಯಂತೆ ಬಾಗಿ ಮೇಲಕ್ಕೆ ತಿರುಗಿತ್ತು.

ಪರಿಹಾರ ಸರಳ, ಅವಸರ ಮಾತ್ರ ಕೂಡದು. ಮುದ್ದೆಯನ್ನು ಬಕೆಟ್ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ. ಹೊರಗಿನ ಜೇಡಿಯನ್ನು ಬೆರಳಿನಿಂದ, ಹಳೆಯ ಟೂತ್‌ಬ್ರಷ್‌ನ ಹಿಡಿಯಿಂದ ಮೆಲ್ಲಗೆ ಬಿಡಿಸುತ್ತ ಹೋಗಿ. ಮೂರರಲ್ಲಿ ಒಂದು ಪಾಲು ಜೇಡಿ ಹೋದರೆ ಸಾಕು, ಬೇರನ್ನು ಪೂರ್ತಿ ಬತ್ತಲೆ ಮಾಡಬೇಡಿ. ಸುತ್ತಿದ ಬೇರನ್ನು ಕತ್ತರಿಸಿ, ಕೊಕ್ಕೆಯಾದ ತಾಯಿಬೇರನ್ನು ಬಾಗಿದ ಜಾಗದಲ್ಲಿ ಸವರಿ. ನಾನು ಆ ಕರಿಬೇವನ್ನು ಮರಳಿ ಅದೇ ಹನ್ನೆರಡು ಇಂಚಿನ ಕುಂಡಕ್ಕೆ ನೆಟ್ಟೆ.

ಬದಲಿಸುವುದೇ ಸರಿ ಎಂದಾದ ಮೇಲೆ

ಅಳತೆಯ ಬಗ್ಗೆ ಒಂದು ಲೆಕ್ಕ ನೆನಪಿರಲಿ. ಎಂಟು ಇಂಚಿನಿಂದ ಹನ್ನೆರಡಕ್ಕೆ ಹೋದಾಗ ಅಗಲ ಒಂದೂವರೆ ಪಟ್ಟು ಮಾತ್ರ, ಆದರೆ ಎತ್ತರವೂ ಅದೇ ಪ್ರಮಾಣದಲ್ಲಿ ಏರುವುದರಿಂದ ಹಿಡಿಯುವ ಮಣ್ಣು ಮೂರು ಪಟ್ಟಿಗೂ ಹೆಚ್ಚು. ಬೇರು ತಲುಪದ ಮಣ್ಣಿನಿಂದ ನೀರು ಹೀರುವವರಿಲ್ಲ. ಅದು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. ಆದ್ದರಿಂದ ನಿಧಾನವಾಗಿ ಬೆಳೆಯುವ ನಿಂಬೆ, ಮಲ್ಲಿಗೆ, ಕರಿಬೇವುಗಳಿಗೆ ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ನಾಲ್ಕು ಇಂಚು ಹೆಚ್ಚಿಸಿ. ಟೊಮೆಟೊ, ಬದನೆಗಳಿಗೆ ಈ ಬಿಗಿ ಬೇಡ. ಬೆಚ್ಚಗಿನ ಕಾಲದಲ್ಲಿ ಅವುಗಳ ಬೇರು ವಾರಗಳಲ್ಲಿ ಕುಂಡ ತುಂಬುವುದರಿಂದ ಸಸಿಯನ್ನು ನೇರವಾಗಿ ಕೊನೆಯ ಹನ್ನೆರಡು ಇಂಚಿನ ಕುಂಡಕ್ಕೇ ಹಾಕಬಹುದು.

ತರಕಾರಿಯಲ್ಲಿ ಅಳತೆಗಿಂತ ವಯಸ್ಸು ಮುಖ್ಯ. ಪ್ರೋಟ್ರೇಯಲ್ಲಿ, ಅಂದರೆ ಸಾಲು ಗುಣಿಗಳಿರುವ ಸಸಿ ತಟ್ಟೆಯಲ್ಲಿ ಬೆಳೆದ ಟೊಮೆಟೊ ಸಸಿ 25ರಿಂದ 30 ದಿನಕ್ಕೆ, ಮೆಣಸಿನಕಾಯಿಯದು 35ರಿಂದ 45 ದಿನಕ್ಕೆ ನಾಟಿಗೆ ಬರುತ್ತದೆ. ಪುಟ್ಟ ಗುಣಿಯಲ್ಲೇ ಎರಡು ತಿಂಗಳು ಉಳಿದ ಸಸಿ ಮುಷ್ಟಿಯಷ್ಟಿರುವಾಗಲೇ ಹೂ ಬಿಡುತ್ತದೆ. ಅದನ್ನು ಕಂಡು ಸಂತೋಷಪಡಬೇಡಿ. ಜಾಗವಿಲ್ಲ, ಬೇಗ ಬೀಜ ಕಟ್ಟಿ ಮುಗಿಸೋಣ ಎಂಬ ಆತುರ ಅದು. ಆಮೇಲೆ ಎಷ್ಟು ದೊಡ್ಡ ಕುಂಡ ಕೊಟ್ಟರೂ ಪೂರ್ತಿ ಬೆಳವಣಿಗೆ ಬರುವುದು ಕಷ್ಟ. ಮೊದಲ ಹೂ ಚಿವುಟಿ ನೆಟ್ಟರೆ ಸ್ವಲ್ಪ ಚೇತರಿಸುತ್ತದೆ. ಟೊಮೆಟೊವನ್ನು ಕೆಳಗಿನ ಎಲೆ ತೆಗೆದು ಕಾಂಡದ ಅರ್ಧದವರೆಗೆ ಹೂತು ನೆಡಬಹುದು, ಹೂತ ಕಾಂಡವೂ ಬೇರು ಬಿಡುತ್ತದೆ. ಉಳಿದ ಗಿಡಗಳನ್ನು ಮೊದಲಿದ್ದ ಆಳದಲ್ಲೇ ನೆಡಿ. ಕಸಿ ಗಿಡದ ಕಸಿಯ ಗಂಟು ಯಾವ ಕಾರಣಕ್ಕೂ ಮಣ್ಣಿನೊಳಗೆ ಹೋಗಬಾರದು. ಸೌತೆ, ಹೀರೆ, ಕುಂಬಳಗಳಿಗೆ ಬೇರು ಮುಟ್ಟಿದರೆ ಆಗದು. ಬೀಜವನ್ನೇ ಕೊನೆಯ ಕುಂಡಕ್ಕೆ ಊರಿಬಿಡಿ.

ಮಣ್ಣಿಗೆ ನನ್ನ ಅಳತೆ: ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ, ಮೂರೂ ಸಮಪಾಲು, ಒಂದು ಹಿಡಿ ಬೇವಿನ ಹಿಂಡಿ. ತಳದಲ್ಲಿ ಎರಡು ಇಂಚು ಜಲ್ಲಿ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ನುಣ್ಣನೆಯ ಮಣ್ಣಿನಿಂದ ದಪ್ಪ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ತಳದಲ್ಲಿ ಸದಾ ನಿಲ್ಲುವ ಒದ್ದೆ ಪದರ ಕಲ್ಲಿನ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೊಂದು ಹೆಂಚಿನ ಚೂರು ಸಾಕು. ಮೇಲೆ ನೀರು ನಿಲ್ಲಲು ಎರಡು ಇಂಚು ಬಿಡಿ.

ಕಾಲ ಯಾವುದು? ನಮ್ಮ ಕಡೆ ಮೃಗಶಿರಾ ಮಳೆ ಹಿಡಿಯುವ ಜೂನ್ ಆರಂಭ ಬಹುಪಾಲು ಗಿಡಗಳಿಗೆ ಒಳ್ಳೆಯದು: ಬಿಸಿಲಿನ ಕಾವು ಇಳಿದಿರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ, ಬೇರು ಬೆಳೆಯಲು ಬೇಕಾದ ಬೆಚ್ಚನೆಯ ಹವೆ ಉಳಿದಿರುತ್ತದೆ. ಎಡೆಬಿಡದ ಜಡಿಮಳೆಯ ವಾರಗಳಲ್ಲಿ ಬೇಡ. ಮಾರ್ಚ್-ಏಪ್ರಿಲ್‌ನಲ್ಲಿ ಅನಿವಾರ್ಯವಾದರೆ ಸಂಜೆ ಮಾಡಿ, ಹಸಿರು ನೆರಳು ಬಲೆ ಕಟ್ಟಿ. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಮಗ್ಗುಲನ್ನು ಮುಟ್ಟಿ ನೋಡಿ, ಕೈ ಇಡಲಾಗದು. ಆ ಗೋಡೆಗೆ ತಾಗಿದ ಹೊಸ ಬೇರು ಬೇಯುತ್ತದೆ. ಮಲ್ಲಿಗೆಯನ್ನು ನಾನು ಚಳಿಗಾಲದಲ್ಲಿ ಕೊಂಬೆ ಸವರುವ ಹೊತ್ತಿನಲ್ಲೇ ಬದಲಿಸುತ್ತೇನೆ. ಮೊಗ್ಗು ತುಂಬಿದ ಗಿಡವನ್ನು ಮುಟ್ಟುವುದಿಲ್ಲ.

ನೆಟ್ಟ ಮೇಲೆ ಒಮ್ಮೆ ತಳದಿಂದ ಹರಿಯುವಷ್ಟು ನೀರು, ಆಮೇಲೆ ಮೇಲಿನ ಒಂದು ಇಂಚು ಒಣಗಿದ ಮೇಲಷ್ಟೇ. ನಾಲ್ಕೈದು ದಿನ ಬೆಳಗಿನ ಬಿಸಿಲು ಮಾತ್ರ. ಮೂರು ವಾರ ರಾಸಾಯನಿಕ ಗೊಬ್ಬರ ಬೇಡ, ಗಾಯಗೊಂಡ ಬೇರನ್ನು ಅದು ಸುಡುತ್ತದೆ.

ಬದಲಿಸಿದ ಮೇಲೂ ಗಿಡ ಸೊರಗಿದರೆ

ಎರಡು ಮೂರು ದಿನ ಮಧ್ಯಾಹ್ನ ಬಾಡುವುದು, ಕೆಳಗಿನ ಒಂದೆರಡು ಎಲೆ ಉದುರುವುದು ಸಹಜ. ನಿಂಬೆ ಇನ್ನೂ ಹೆಚ್ಚು ಉದುರಿಸಬಹುದು. ಕೊಂಬೆಯನ್ನು ಉಗುರಿನಿಂದ ಗೀರಿ ನೋಡಿ, ಸಿಪ್ಪೆಯಡಿ ಹಸಿರಿದ್ದರೆ ಜೀವವಿದೆ, ಕಾಯಿರಿ. ವಾರ ಕಳೆದರೂ ಬೆಳಗಿನ ಹೊತ್ತೇ ಬಾಡಿದ್ದರೆ ಬೆರಳನ್ನು ಎರಡು ಇಂಚು ಇಳಿಸಿ. ಮಣ್ಣು ಒದ್ದೆಯಿದ್ದರೆ ನೀರು ನಿಲ್ಲಿಸಿ, ಕುಂಡದಡಿ ಎರಡು ಇಟ್ಟಿಗೆ ಇಟ್ಟು ಗಾಳಿಯಾಡಿಸಿ. ಮೇಲ್ಮಣ್ಣು ಒದ್ದೆಯಿದ್ದು ಗಿಡದ ಬುಡದ ಹಳೆಯ ಮುದ್ದೆ ಮಾತ್ರ ಒಣಗಿದ್ದರೆ, ಕಾಂಡದ ಬುಡಕ್ಕೇ ನಿಧಾನವಾಗಿ ತೊಟ್ಟಿಕ್ಕುವಂತೆ ನೀರು ಕೊಡಿ. ತಳದಲ್ಲಿ ಸಣ್ಣ ತೂತು ಮಾಡಿದ ನೀರಿನ ಬಾಟಲಿಯನ್ನು ಬುಡದಲ್ಲಿ ನಿಲ್ಲಿಸಿದರೆ ಆಯಿತು.

ಇನ್ನು ದೊಡ್ಡ ಕುಂಡಕ್ಕೆ ಜಾಗವೇ ಇಲ್ಲದವರು, ತಾರಸಿಯ ಭಾರದ ಚಿಂತೆಯಿರುವವರು ಇದ್ದಾರೆ. ಆ ಚಿಂತೆ ನ್ಯಾಯವಾದದ್ದು: ನೂರು ಲೀಟರ್ ಹಿಡಿಯುವ ಅರ್ಧ ಡ್ರಮ್ ಒದ್ದೆ ಮಣ್ಣು ತುಂಬಿದಾಗ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಅಂಥವನ್ನು ಸ್ಲ್ಯಾಬಿನ ನಡುವೆ ಇಡದೆ ತೊಲೆಯ ಮೇಲೆ, ಗೋಡೆಯ ಪಕ್ಕ ಇಡಬೇಕು. ಆದರೆ ಕುಂಡ ಹಿರಿದು ಮಾಡಲೇಬೇಕೆಂದಿಲ್ಲ. ಎರಡು ವರ್ಷಕ್ಕೊಮ್ಮೆ ಗಿಡವನ್ನು ಕಿತ್ತು, ಬೇರಿನ ಮುದ್ದೆಯ ಸುತ್ತಲೂ ತಳದಲ್ಲೂ ಒಂದೂವರೆ ಇಂಚು ಸವರಿ, ಅದೇ ಕುಂಡಕ್ಕೆ ಹೊಸ ಮಣ್ಣಿನೊಂದಿಗೆ ಹಿಂತಿರುಗಿಸಿ. ನನ್ನ ದಾಸವಾಳ ಹದಿನಾಲ್ಕು ಇಂಚಿನ ಅದೇ ಕುಂಡದಲ್ಲಿ ಹೀಗೆಯೇ ದೇವರಿಗೆ ದಿನವೂ ಹೂ ಕೊಡುತ್ತಿದೆ.

ಆ ಕರಿಬೇವು ಆರು ವಾರ ಏನೂ ಮಾಡಲಿಲ್ಲ. ಏಳನೆಯ ವಾರ ಬುಡದಿಂದ ಕೆಂಪು ಛಾಯೆಯ ಚಿಗುರೊಂದು ಬಂತು, ಆಮೇಲೆ ಮೂರು. ಮರುವರ್ಷದ ಜೂನ್‌ನಲ್ಲಿ ಅದು ನನ್ನ ಹೆಗಲಿಗೆ ಬಂದಿತ್ತು, ಬೆಳಗಿನ ನೀರು ಸಂಜೆಗೆ ಸಾಲದಾಗಿತ್ತು. ಮತ್ತೆ ಮಗ್ಗುಲಾಗಿ ಮಲಗಿಸಿ ಎಳೆದೆ. ಮುದ್ದೆ ಒಡೆಯದೆ ಇಡಿಯಾಗಿ ಬಂತು, ಮೈತುಂಬ ಬಿಳಿ ತುದಿಗಳು. ಅಜ್ಜಿಗೆ ಗೋಡೆಯಾಚೆ ಎತ್ತಿ ತೋರಿಸಿ, ಅವತ್ತೇ ಹದಿನಾರು ಇಂಚಿನ ಕುಂಡಕ್ಕೆ ಹಾಕಿದೆ.